ನೂರ ಹನ್ನೆರಡು ಕಲಮುಗಳ ಕಾಲುವೆ

ಜೋಪಾನಪ್ಪನವರಿಗೆ ಆ ಹೆಸರಿಟ್ಟದ್ದು ಅವರ ಬೀದಿ. ಯಾರಾದರೂ ಸೈಕಲ್ ಹತ್ತಿದರೆ ಅವರು "ಜೋಪಾನ" ಎನ್ನುವರು. ಮೆಟ್ಟಿಲಿಳಿದರೆ, ಬಿಸಿ ಕಾಫಿ ಬಾಯಿಗಿಟ್ಟರೆ, ಕಡೆಗೆ ಕೊಡೆ ಬಿಚ್ಚಿದರೂ ಅದೇ ಮಾತು. ಒಂದು ಮದುವೆಯಲ್ಲಿ ವರನ ಕೈಕುಲುಕಿ, ಶುಭಾಶಯ ಹೇಳುವ ಬದಲು ಅಭ್ಯಾಸಬಲದಿಂದ "ಜೋಪಾನ" ಎಂದು ಹೇಳಿ, ಹೆಣ್ಣಿನ ಕಡೆಯವರ ಮುನಿಸು ಕಟ್ಟಿಕೊಂಡಿದ್ದರು. ಮನೆಯಿಂದ ಹೊರಡುವಾಗ ಬೀಗ ಹಾಕಿ, ಬೀಗ ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಮನುಷ್ಯ. ಮನೆಯೊಳಗೆ ಹೆಂಡತಿ ಇದ್ದರೂ ಹಾಗೆಯೇ ಮಾಡಿ ಒಂದೆರಡು ಸಲ ಆಕೆಯನ್ನು ಒಳಗೇ ಕೂಡಿಹಾಕಿ ಹೋಗಿದ್ದುಂಟು.

ಇದರಲ್ಲಿ ಅವರ ತಪ್ಪಿಗಿಂತ ಕಸುಬಿನ ತಪ್ಪೇ ಹೆಚ್ಚು. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಮಡಚಿದ ಒಂದು ತೆಳ್ಳನೆಯ ಕಾಗದ ಇರುತ್ತದಲ್ಲ, ಇರುವೆ ಸಾಲಿನಂಥ ಅಕ್ಷರದಲ್ಲಿ ಈ ಮಾತ್ರೆ ನುಂಗಿದರೆ ಏನೇನಾಗಬಹುದು ಎಂದು ಹೇಳುವ ಕಾಗದ, ಅದನ್ನು ಬರೆಯುವುದು ಅವರ ಕೆಲಸ. ಔಷಧ ಕಂಪನಿಯ ಮೂರನೆಯ ಮಹಡಿಯಲ್ಲಿ, ಕಿಟಕಿಯಿಂದ ಸಾಕಷ್ಟು ದೂರದಲ್ಲಿ (ಗಾಜು ಒಡೆಯಬಹುದು), ಇಪ್ಪತ್ತಾರು ವರ್ಷದಿಂದ ಅವರು ಬರೆಯುತ್ತ ಬಂದಿದ್ದರು. ವಾಕರಿಕೆ ಬರಬಹುದು. ತಲೆ ಸುತ್ತಬಹುದು. ಅಪರೂಪಕ್ಕೆ ನಾಲಿಗೆ ಕಪ್ಪಾಗಬಹುದು. ಅತಿ ಅಪರೂಪಕ್ಕೆ ವಿಚಿತ್ರ ಕನಸು ಬೀಳಬಹುದು. ಆ ಮೇಜಿಗೆ ಇದ್ದದ್ದು ಒಂದೇ ನಿಯಮ: ಏನನ್ನೂ ಬಿಡಬಾರದು. ನೂರು ಹೆಚ್ಚಿಗೆ ಬರೆದರೆ ಯಾರೂ ಕೇಳುವುದಿಲ್ಲ, ಒಂದನ್ನು ಬಿಟ್ಟರೆ ಮೇಲಿನವರು ಕರೆಸುತ್ತಾರೆ.

ಈ ಕಸುಬಿನಲ್ಲಿ ಒಂದು ದೊಡ್ಡ ನೆಮ್ಮದಿಯೂ ಇತ್ತು. ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಅವರ ಹೆಂಡತಿಯೇ ಗಂಡನ ಬರವಣಿಗೆಯನ್ನು ಮಡಚಿ ಅಲುಗಾಡುವ ಊಟದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದಳು. ಜೋಪಾನಪ್ಪನವರಿಗೆ ಇದರಿಂದ ಒಳಗೊಳಗೇ ಸ್ವಲ್ಪ ನೋವೂ ಆಗುತ್ತಿತ್ತೆಂದು ಹೇಳದಿದ್ದರೆ ಅನ್ಯಾಯವಾದೀತು.

ಮನೆಯಲ್ಲಿ ಮೂರನೆಯವರು ಮಾವ, ಅಂದರೆ ಹೆಂಡತಿಯ ತಂದೆ. ಎಪ್ಪತ್ತೊಂಬತ್ತು ವರ್ಷ. ಮೂವತ್ತನಾಲ್ಕು ವರ್ಷ ಊರ ಬಸ್ಸು ಓಡಿಸಿದವರು. ಈಗ ಮಂಡಿ ಎರಡೂ ಕೈಕೊಟ್ಟು, ವಾರದ ಆರು ದಿನ ಬೀದಿ ಕಡೆಯ ಕಿಟಕಿಯಲ್ಲಿ ಕೂತು, ಹೋಗುವ ಬಸ್ಸುಗಳ ಸದ್ದು ಕೇಳಿ "ಇವನು ಮೂರನೇ ಗೇರಲ್ಲೇ ತಿರುವು ತಗೊಂಡ, ಕತ್ತೆ" ಎಂದು ಬೈಯುವುದು ಅವರ ದಿನಚರಿ. ಏಳನೆಯ ದಿನ ಭಾನುವಾರ. ಅಂದು ಮಗಳು ಅಳಿಯ ಸೇರಿ ಅವರನ್ನು ಬೀದಿಯ ಹಿಂದಿನ ಕಾಲುವೆಗೆ ಇಳಿಸಿ, ಹಳೆಯ ಹಸಿರು ದೋಣಿಯಲ್ಲಿ ಕೂರಿಸಿ, ಹಿಂದಿನ ಸಣ್ಣ ಮೋಟಾರಿಗೆ ಜೀವ ಕೊಟ್ಟು, ಚುಕ್ಕಾಣಿ ಕೈಗೆ ಕೊಡುತ್ತಿದ್ದರು. ಎರಡನೇ ಸೇತುವೆಯಿಂದ ನೀರಿನ ಗೇಟಿನವರೆಗೆ, ಅಲ್ಲಿಂದ ವಾಪಸ್ಸು. ಒಂದು ಗಂಟೆಯ ದಾರಿ. ಆ ಒಂದು ಗಂಟೆ ಮುದುಕರ ಬೆನ್ನು ನೆಟ್ಟಗಿರುತ್ತಿತ್ತು. ಅಳಿಯ ಮಾತ್ರ ಮುಂದೆ ಲೈಫ್ ಜಾಕೆಟ್ಟಿನ ಮೇಲೆ ಇನ್ನೊಂದು ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಯ ಎರಡು ಅಂಚನ್ನೂ ಹಿಡಿದು, ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬೇಕರಿಯವನ ದೋಣಿಗೂ ಸಂಗೀತ ಮೇಷ್ಟ್ರ ದೋಣಿಗೂ ಸೇತುವೆಯ ಕೆಳಗೆ ಮುಖಾಮುಖಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಒಂದು ತಟ್ಟೆ ಬನ್ನು ನೀರುಪಾಲಾಯಿತು, ಮೇಷ್ಟ್ರ ಹಾಡು ಮೇಲಿನ ಸ್ವರದಲ್ಲೇ ನಿಂತುಹೋಯಿತು. ದಡದ ಮನೆಯವರು ಮಾತ್ರ ಕಾಲುವೆ ಕಚೇರಿಗೆ ದೂರು ಬರೆದರು. ಕಚೇರಿಗೆ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಮೇಡಂ ದೋಣಿ ಇಟ್ಟವರನ್ನೆಲ್ಲ ಸಭೆಗೆ ಕರೆದರು. ಮಂಡಿ ಕೈಕೊಟ್ಟ ಮಾವನ ಬದಲು ಜೋಪಾನಪ್ಪನವರು ಹೋದರು.

ಸಭೆಯಲ್ಲಿ ಬೇಕರಿಯವನು ಎದ್ದು, "ಮೋಜಿಗೆ ಹೋಗೋ ದೋಣಿಗೂ ರೂಲ್ಸ್ ಯಾಕೆ ಮೇಡಂ? ನಾಳೆ ಮನೆ ಹಿತ್ತಲಲ್ಲಿ ಓಡಾಡೋದಕ್ಕೂ ಲೈಸೆನ್ಸ್ ಕೇಳ್ತೀರ" ಎಂದ.

"ಬನ್ ತಿನ್ಕೊಂಡು ದೋಣಿ ಬಿಡೋನಿಗೆ ಲೈಸೆನ್ಸು ಬೇಕೇ ಬೇಕು" ಎಂದರು ಸಂಗೀತ ಮೇಷ್ಟ್ರು.

"ಕಣ್ಣು ಮುಚ್ಕೊಂಡು ಹಾಡ್ತಾ ಬಿಡೋರಿಗೆ ಬೇಡ್ವೇನೋ."

ಇಬ್ಬರೂ ತೋಳೇರಿಸುವ ಹಂತಕ್ಕೆ ಬಂದಾಗ ಇನ್‌ಸ್ಪೆಕ್ಟರ್ ಮೇಡಂ ಹುಬ್ಬು ಗಂಟಿಕ್ಕಿಕೊಂಡು, "ಯಾರಾದರೂ ಕೂತು ಸಮಾಧಾನವಾಗಿ ಒಂದು ಕರಡು ಬರೆದುಕೊಡ್ತೀರಾ?" ಎಂದು ಕೇಳಿದರು.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಜೋಪಾನಪ್ಪನವರಿಗೆ ಅದೇನು ಹೊಕ್ಕಿತೋ, ಎದ್ದು ಗಂಟಲು ಸರಿಮಾಡಿಕೊಂಡು, "ಬರವಣಿಗೆ ನನ್ನ ವೃತ್ತಿ ಮೇಡಂ, ನನಗೆ ಬಿಡಿ" ಎಂದುಬಿಟ್ಟರು. ಸುತ್ತಲಿನ ನಲವತ್ತು ತಲೆಗಳು ತಮ್ಮ ಕಡೆ ತಿರುಗಿದ ಆ ಕ್ಷಣ ಅವರಿಗೆ ಬಹಳ ಹಿತವಾಗಿತ್ತು. ಆ ಹಿತದಲ್ಲಿ ಹೊರಬರುವಾಗ ಬಾಗಿಲಿನ ಹೊಸ್ತಿಲು ಎಡವಿದರು.

ಬರೆಯಲು ಕೂತರು. ಕೈಗೆ ಗೊತ್ತಿದ್ದದ್ದು ಒಂದೇ ಬಗೆಯ ಬರವಣಿಗೆ. ಕಾಲುವೆಯನ್ನು ಒಂದು ಮಾತ್ರೆಯೆಂದು ಭಾವಿಸಿ, ಅದನ್ನು ನುಂಗಿದವರಿಗೆ ಏನೇನಾಗಬಹುದೆಂದು ಸಾಲಾಗಿ ಇಳಿಸಿದರು. ದೋಣಿಯಲ್ಲಿ ಹಾಡಿದರೆ ಬಾತುಕೋಳಿಗಳು ಗಾಬರಿಗೊಳ್ಳಬಹುದು. ತಿಂಡಿ ತಿಂದರೆ ಚೂರು ಗಂಟಲಿಗೆ ಸಿಕ್ಕಬಹುದು. ಎದುರಿನವರಿಗೆ ಕೈಬೀಸಿದರೆ ಸಮತೋಲ ತಪ್ಪಬಹುದು. ನೀರಿನಲ್ಲಿ ತನ್ನ ಪ್ರತಿಬಿಂಬ ಬಹಳ ಹೊತ್ತು ನೋಡಿದರೆ ತಲೆ ಸುತ್ತಬಹುದು. ಸೀನು ಬಂದಾಗ ದೋಣಿ ವಾಲಬಹುದು (ಅತಿ ಅಪರೂಪ). ಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ವೃದ್ಧರಲ್ಲಿ ಎಂದು ಪ್ರತಿ ಕಾಗದದಲ್ಲೂ ಬರೆಯುವ ಸಾಲನ್ನು ಇಲ್ಲಿಯೂ ಯೋಚಿಸದೆ ಇಳಿಸಿದರು. ಅರವತ್ತೇಳನೆಯದು: ಎಪ್ಪತ್ತೈದು ದಾಟಿದವರು ಚುಕ್ಕಾಣಿ ಹಿಡಿದರೆ ಕೈ ನಡುಗಬಹುದು. ಒಟ್ಟು ನೂರ ಹನ್ನೆರಡಾಯಿತು. ಕಚೇರಿಗೆ ತಲುಪಿಸಿ, ಇನ್ನು ಇದನ್ನು ಯಾರೂ ಓದುವುದಿಲ್ಲವೆಂಬ ಇಪ್ಪತ್ತಾರು ವರ್ಷಗಳ ಅನುಭವದ ಮೇಲೆ ನಿಶ್ಚಿಂತರಾಗಿ ಮಲಗಿದರು.

ಮೂರು ವಾರದ ಬಳಿಕ ಒಂದು ಬುಧವಾರ ಬೆಳಿಗ್ಗೆ ಮನೆಮನೆಗೂ ಕೆಂಪು ರಟ್ಟಿನ ಪುಸ್ತಿಕೆ ಬಂದು ಬಿತ್ತು. ಮೇಡಂ ಒಂದೂ ಬಿಡದೆ ಓದಿದ್ದರು. ಓದಿ, ಜೋಪಾನಪ್ಪನವರು "ಆಗಬಹುದು" ಎಂದು ಬರೆದ ಪ್ರತಿಯೊಂದಕ್ಕೂ "ಕೂಡದು" ಎಂಬ ಕಲಮು ಕಟ್ಟಿದ್ದರು. ಹಾಡಕೂಡದು. ತಿನ್ನಕೂಡದು. ಕೈಬೀಸಕೂಡದು. ಪ್ರತಿಬಿಂಬ ನೋಡಕೂಡದು. ಸೀನುವ ಸಂಭವವಿದ್ದಲ್ಲಿ ಮುಂಚಿತವಾಗಿ ದಡ ಸೇರತಕ್ಕದ್ದು. ಎಪ್ಪತ್ತೈದು ದಾಟಿದವರು ಚುಕ್ಕಾಣಿ ಹಿಡಿಯಕೂಡದು. ಮುಂದಿನ ಭಾನುವಾರದಿಂದ ಜಾರಿ.

ಅರವತ್ತೇಳನೆಯ ಕಲಮು ಓದಿದ್ದೇ ಜೋಪಾನಪ್ಪನವರು ಪುಸ್ತಿಕೆಯನ್ನು ಮಾವನ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದೊಳಗೆ ತುರುಕಿದರು. ಅನ್ನಕ್ಕಿಡಲು ಬಂದ ಹೆಂಡತಿ ಅಕ್ಕಿಯ ಜೊತೆ ಪುಸ್ತಿಕೆಯನ್ನೂ ಅಳೆದು ತೆಗೆದಳು, ನಿಂತಲ್ಲೇ ಓದಿದಳು.

"ರೀ, ಇದು ನೀವು ಬರೆದದ್ದಲ್ವಾ?"

"ನಾನು ಆಗಬಹುದು ಅಂತ ಬರೆದೆ ಕಣೇ. ಕೂಡದು ಅಂತ ಬರೆದೋರು ಅವರು."

"ಅಪ್ಪನಿಗೆ ಯಾರು ಹೇಳ್ತಾರೆ ಇದನ್ನ? ನೀವಾ, ಅವರಾ?"

ಹೇಳುವ ಪ್ರಮೇಯವೇ ಬರಲಿಲ್ಲ. ಪಕ್ಕದ ಮನೆಯವರ ಪುಸ್ತಿಕೆಯನ್ನು ಮಾವ ಆಗಲೇ ಕಿಟಕಿಯಿಂದ ಕೈಚಾಚಿ ಇಸಿದುಕೊಂಡಿದ್ದರು. ಸಂಜೆ ಅಳಿಯ ಮನೆಗೆ ಬಂದಾಗ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಹೊರಗೆ ಬಸ್ಸೊಂದು ಗೇರು ಕರಕರನೆ ಕಿರುಚುವಂತೆ ತಿರುವು ತೆಗೆದುಕೊಂಡಿತು. ಮಾವ ಬೈಯಲಿಲ್ಲ.

"ಅಳಿಯಂದಿರೇ," ಎಂದರು ಕಡೆಗೆ, "ಇದನ್ನ ಬರೆದೋನು ಯಾರೋ ನೀರೇ ನೋಡದ ಆಸಾಮಿ ಇರಬೇಕು."

"ಇರಬಹುದು ಮಾವ" ಎಂದರು ಅಳಿಯ. ಅಂದು ಅವರಿಗೆ ಊಟ ಸೇರಲಿಲ್ಲ.

ಗುರುವಾರದ ಹೊತ್ತಿಗೆ ಬರೆದವರು ಯಾರೆಂಬುದು ಮಾವನೊಬ್ಬರಿಗೆ ಬಿಟ್ಟು ಇಡೀ ಬೀದಿಗೆ ಗೊತ್ತಾಗಿತ್ತು. ಬ್ರೆಡ್ಡು ತರಲು ಹೋದರೆ ಬೇಕರಿಯವನು ಬ್ರೆಡ್ಡನ್ನು ಎರಡು ಬೆರಳಲ್ಲಿ ಹಿಡಿದು, "ತಿಂದ್ರೆ ಚೂರು ಗಂಟಲಿಗೆ ಸಿಕ್ಕಬಹುದು ಸಾರ್. ನೀವೇ ಬರೆದಿದ್ದೀರಿ. ಕೊಡಲೋ ಬೇಡವೋ?" ಎಂದು ಸರದಿಯಲ್ಲಿದ್ದ ಎಂಟು ಜನರ ಎದುರು ಕೇಳಿದ. ದಾರಿಯಲ್ಲಿ ಸಿಕ್ಕ ಸಂಗೀತ ಮೇಷ್ಟ್ರು ಮೊದಲು ನೆಲ ನೋಡಿ, ಆಮೇಲೆ ಇವರನ್ನು ನೋಡಿ, "ಇಲ್ಲಿ ಬಾತುಕೋಳಿ ಇಲ್ಲ ತಾನೆ?" ಎಂದು ಖಚಿತಪಡಿಸಿಕೊಂಡು, ಅವರ ಮುಖಕ್ಕೇ ನೇರವಾಗಿ ಒಂದು ಆಲಾಪ ಬಿಟ್ಟರು. ಕ್ಷೌರದಂಗಡಿಯವನು ಕತ್ತಿ ಕುತ್ತಿಗೆಗಿಟ್ಟು, "ಸೀನೋ ಸಂಭವ ಇದ್ರೆ ಮೊದಲೇ ಹೇಳಿಬಿಡಿ" ಎಂದ. ಜೋಪಾನಪ್ಪನವರು ಉಸಿರು ಬಿಗಿಹಿಡಿದು ಅರ್ಧ ಗಡ್ಡಕ್ಕೇ ಎದ್ದು ಬಂದರು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಕಾಲುವೆ ಕಚೇರಿಗೆ ಹೊರಟರು. ಅರವತ್ತೇಳನ್ನು ತೆಗೆಸಬೇಕು, ಸಾಧ್ಯವಾದರೆ ಉಳಿದದ್ದನ್ನೂ ತೆಗೆಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಕಚೇರಿಯ ಒಳಕೋಣೆಯಲ್ಲಿ ಕಿಟಕಿಯ ಪರದೆ ಎಳೆದು, ಮಬ್ಬು ಬೆಳಕಿನಲ್ಲಿ ಮೇಡಂ ಕೂತಿದ್ದರು. ಇವರನ್ನು ಕಂಡದ್ದೇ ಎದ್ದು ನಿಂತರು.

"ಬನ್ನಿ ಸರ್. ನಿಮ್ಮ ಬರವಣಿಗೆ ಬಗ್ಗೆ ಹೇಳಲೇಬೇಕು ಅಂತಿದ್ದೆ. ಒಂದೊಂದು ಸಾಲನ್ನೂ ಓದಿದೆ. ನಲವತ್ತೊಂದನ್ನ ಎರಡು ಸಲ ಓದಿದೆ."

ಜೋಪಾನಪ್ಪನವರು ಬಾಯಿ ತೆರೆದರು. ಜೋಡಿಸಿಕೊಂಡಿದ್ದ ಮಾತೆಲ್ಲ ಬಾಯಿಯಿಂದ ಹಿಂದಕ್ಕೆ ಇಳಿದುಹೋಯಿತು. "ಎರಡು ಸಲವೇ?" ಎಂದರು.

"ಎರಡು ಸಲ. ಯಾವುದೋ ಪರಿಚಯದ ಕೈ ಅನ್ನಿಸ್ತಿತ್ತು. ಆಮೇಲೆ ಗೊತ್ತಾಯ್ತು, ನೀವು ಔಷಧದ ಕಾಗದ ಬರೆಯೋರಂತೆ. ನಾನು ಅದನ್ನೆಲ್ಲ ಓದ್ತೀನಿ ಸರ್. ಮಾತ್ರೆ ಡಬ್ಬಿ ತಂದ್ರೆ ಮೊದಲು ಆ ಕಾಗದ. ಪೂರ್ತಿ ಓದದೆ ಮುಂದಿನ ಕೆಲಸ ಇಲ್ಲ."

ಇಪ್ಪತ್ತಾರು ವರ್ಷ ಬರೆದವನಿಗೆ ಒಬ್ಬ ಓದುಗಿ ಸಿಕ್ಕಿದಳು. ಅವಳ ಎದುರಿಗೆ ನಿಂತು, ಅಮ್ಮಾ ಅದನ್ನು ಹರಿದುಹಾಕು ಎನ್ನುವ ಎದೆಗಾರಿಕೆ ಯಾವ ಬರಹಗಾರನಿಗಿದೆ? ಜೋಪಾನಪ್ಪನವರು ಕಾಫಿ ಕುಡಿದರು. ನಲವತ್ತೊಂದನೆಯದನ್ನು ಬರೆಯುವಾಗ ತಮಗಾದ ಕಷ್ಟ ವಿವರಿಸಿದರು. ಹೊರಡುವ ಹೊತ್ತಿಗೆ, ಮಂಜು ಬೀಳುವ ದಿನಗಳಿಗಾಗಿ ಪ್ರತ್ಯೇಕ ಅನುಬಂಧವೊಂದನ್ನು ಬರೆದುಕೊಡಲು ಒಪ್ಪಿಕೊಂಡಿದ್ದರು. ಬೀದಿಯ ತಿರುವಿಗೆ ಬಂದ ಮೇಲೆ ತಾವು ಹೋದದ್ದು ಯಾತಕ್ಕೆಂದು ನೆನಪಾಗಿ, ಅಲ್ಲೇ ದೀಪದ ಕಂಬ ಹಿಡಿದು ನಿಂತರು. ತಮ್ಮ ಮೇಲೆ ತಮಗೇ ನಾಚಿಕೆಯಾಯಿತು.

"ಏನಾಯ್ತು ರೀ?" ಎಂದು ಬಾಗಿಲಲ್ಲೇ ಕೇಳಿದಳು ಹೆಂಡತಿ.

"ತುಂಬ ಒಳ್ಳೆಯವರು ಕಣೇ. ಎಲ್ಲಾ ಓದಿದ್ದಾರೆ."

"ಓದಲಿ. ಅಪ್ಪನದ್ದು ಏನಾಯ್ತು?"

ಜೋಪಾನಪ್ಪನವರು ಬೀಗ ಎಳೆದು ನೋಡಲು ಹೊರಗೆ ಹೋದರು.

ಭಾನುವಾರ ಬೆಳಿಗ್ಗೆ ಮಾವ ಎಂದಿಗಿಂತ ಮೊದಲೇ ಎದ್ದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಎರಡು ಕೋಲನ್ನೂ ಹಿಡಿದು ಬಾಗಿಲ ಬಳಿ ಕೂತಿದ್ದರು. "ಓಡಿಸಬೇಡ ಅಂತ ಹೇಳೋರು ಎದುರಿಗೆ ಬಂದು ಹೇಳಲಿ. ಮೂವತ್ನಾಲ್ಕು ವರ್ಷದಲ್ಲಿ ನನ್ನನ್ನ ಯಾರೂ ಕಾಗದದಲ್ಲಿ ಇಳಿಸಿಲ್ಲ" ಎಂದರು. ಜೋಪಾನಪ್ಪನವರು ಹೆಂಡತಿಯ ಜೊತೆ ಅವರನ್ನು ಕೈಹಿಡಿದು ದಡಕ್ಕೆ ಕರೆದೊಯ್ದರು.

ದಡದಲ್ಲಿ ಜಾತ್ರೆಯಷ್ಟು ಜನ. ಎಲ್ಲರ ದೋಣಿಯೂ ಕಟ್ಟಿದ್ದ ಹಾಗೇ ಇತ್ತು, ಎಲ್ಲರ ಕೈಯಲ್ಲೂ ಕೆಂಪು ಪುಸ್ತಿಕೆ. ಕೈಬೀಸಬಾರದೆಂದು ಕೆಲವರು ಕೈಯನ್ನು ಕಿಸೆಯಲ್ಲಿಟ್ಟುಕೊಂಡಿದ್ದರು. ಇನ್‌ಸ್ಪೆಕ್ಟರ್ ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ತುದಿಯಲ್ಲಿ ನಿಂತಿದ್ದರು. ಮಾವ ಮಗಳ ಹೆಗಲು ಹಿಡಿದು ದೋಣಿಗೆ ಇಳಿದು, ಚುಕ್ಕಾಣಿಯ ಬಳಿ ಕೂತು, ಅದರ ಹಿಡಿಯನ್ನು ಕರವಸ್ತ್ರದಿಂದ ಒರೆಸಿಕೊಂಡರು.

"ಅಜ್ಜ, ವಯಸ್ಸೆಷ್ಟು ನಿಮಗೆ?" ಮೇಡಂ ಮೆತ್ತಗೇ ಕೇಳಿದರು.

"ಎಪ್ಪತ್ತೊಂಬತ್ತು."

"ಅರವತ್ತೇಳನೇ ಕಲಮು ಓದಿದ್ದೀರಾ?"

"ನೂರ ಹನ್ನೆರಡೂ ಓದಿದೀನಿ ತಾಯಿ. ಒಂದು ಅನುಮಾನ ಉಳೀತು. ಕೇಳಲಾ?" ಮಾವ ಚುಕ್ಕಾಣಿ ಬಿಡಲಿಲ್ಲ. "ಎದುರಿಗೆ ಇನ್ನೊಂದು ದೋಣಿ ಬಂದ್ರೆ ನಾನು ಯಾವ ಕಡೆ ಸರೀಬೇಕು? ಎಡಕ್ಕಾ, ಬಲಕ್ಕಾ?"

ಮೇಡಂ ಪುಸ್ತಿಕೆ ತೆರೆದರು. ಮೊದಲಿಂದ ಕಡೆಯವರೆಗೆ ತಿರುವಿದರು, ಕಡೆಯಿಂದ ಮೊದಲಿಗೆ ತಿರುವಿದರು. ಬೇಕರಿಯವನೂ ತನ್ನದರಲ್ಲಿ ಹುಡುಕಿದ. ಸಂಗೀತ ಮೇಷ್ಟ್ರು ಅವನ ಹೆಗಲ ಮೇಲಿಂದ ಇಣುಕಿದರು. ಸೀನಿನ ಬಗ್ಗೆ ಎರಡು ಕಲಮು ಇತ್ತು. ಬಾತುಕೋಳಿಗಳ ಮನಸ್ಸಿನ ಬಗ್ಗೆ ಐದಿತ್ತು. ಎದುರು ದೋಣಿಗೆ ಯಾವ ಕಡೆ ಸರಿಯಬೇಕೆಂಬುದು ಮಾತ್ರ ಎಲ್ಲೂ ಇರಲಿಲ್ಲ.

"ಬನ್ ಮುಳುಗಿದ್ದೇ ಅದರಿಂದ" ಎಂದ ಬೇಕರಿಯವನು.

ಮೇಡಂ ಗುಂಪಿನ ಕಡೆ ತಿರುಗಿದರು. "ಸರ್, ಬರೆದೋರು ನೀವು. ನೀವೇ ಹೇಳಿ" ಎಂದು ನೇರವಾಗಿ ಜೋಪಾನಪ್ಪನವರನ್ನು ಕೇಳಿದರು.

ಮಾವ ತಲೆಯೆತ್ತಿ ಅಳಿಯನನ್ನು ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಜೋಪಾನಪ್ಪನವರು ಹೇಗೋ ತಡೆದುಕೊಳ್ಳುತ್ತಿದ್ದರು. ಮುದುಕರು ನಿಧಾನವಾಗಿ ಚುಕ್ಕಾಣಿಯಿಂದ ಕೈ ತೆಗೆದು, ಏಳಲೆಂದು ಕೋಲಿಗೆ ತಡಕಾಡಿದರು.

"ಕೂತ್ಕೊಳ್ಳಿ ಮಾವ" ಎಂದರು ಜೋಪಾನಪ್ಪನವರು. ಅವರ ದನಿ ಇಷ್ಟು ಗಟ್ಟಿಯಾಗಿ ಹೊರಟದ್ದನ್ನು ಬೀದಿ ಅದೇ ಮೊದಲು ಕೇಳಿತು. "ಮೇಡಂ, ಅದು ಓದೋಕೆ ಬರೆದಿದ್ದಲ್ಲ."

"ಅಂದ್ರೆ?"

"ನಾನು ಬರೆಯೋದನ್ನ ಯಾರೂ ಓದಲ್ಲ ಮೇಡಂ. ಅದೇ ಧೈರ್ಯದ ಮೇಲೆ ಬರೀತೀನಿ. ನನ್ನ ಮೇಜಿನ ಮೇಲೆ ಒಂದನ್ನೂ ಬಿಡೋ ಹಾಗಿಲ್ಲ. ಸಾವಿರದಲ್ಲಿ ಒಬ್ಬನಿಗೆ ಆಗಿರುತ್ತೆ, ಬರೀತೀನಿ. ಲಕ್ಷದಲ್ಲಿ ಒಬ್ಬನಿಗೆ ಆಗಿರುತ್ತೆ, ಬರೀತೀನಿ. ಯಾರಿಗೂ ಆಗದೇ ಇದ್ರೂ ಬರೀತೀನಿ, ನನಗೆ ಹೆದರಿಕೆ. ಎಡಕ್ಕೆ ಸರೀಬೇಕು ಅನ್ನೋದು ಹೆದರಿಕೆ ಅಲ್ವಲ್ಲ ಮೇಡಂ, ಅದಕ್ಕೆ ಹೊಳೀಲಿಲ್ಲ."

ಯಾರೂ ನಗಲಿಲ್ಲ. ಮೇಡಂ ಪುಸ್ತಿಕೆ ಮುಚ್ಚಿದರು.

"ಎಡಕ್ಕೆ ಸರಿಯೋದು. ಸೇತುವೆ ಕೆಳಗೆ ನಿಧಾನ. ಎಲ್ಲರಿಗೂ ಜಾಕೆಟ್ಟು. ಕುಡಿದೋನು ದೋಣಿ ಮುಟ್ಟಬಾರದು" ಎಂದರು ಮಾವ ದೋಣಿಯಿಂದಲೇ. "ಇಷ್ಟು ಬರೀರಿ ತಾಯಿ. ಇಷ್ಟನ್ನ ಮೀರಿದೋನನ್ನ ಬಿಡಲೇಬೇಡಿ. ಬಸ್ಸಲ್ಲೂ ಇದಕ್ಕಿಂತ ಜಾಸ್ತಿ ಇರಲಿಲ್ಲ."

"ಹಾಡೋದು?" ಎಂದರು ಸಂಗೀತ ಮೇಷ್ಟ್ರು ಆತಂಕದಿಂದ.

"ಕಣ್ಣು ಬಿಟ್ಕೊಂಡು ಹಾಡು."

ಮೇಡಂ ಪೆನ್ನು ತೆಗೆದು ಪುಸ್ತಿಕೆಯ ಹಾಳೆಗಳ ಮೇಲೆ ಒಂದೊಂದಾಗಿ ಅಡ್ಡಗೆರೆ ಎಳೆಯುತ್ತ ಬಂದರು. ಅರವತ್ತೇಳಕ್ಕೆ ಬಂದಾಗ ಕೈ ನಿಂತಿತು. "ಸರ್, ಇದನ್ನ ಹೊಡೆದುಹಾಕಿದ ಮೇಲೆ ಅಜ್ಜನಿಗೆ ಏನಾದ್ರೂ ಆದ್ರೆ?"

ಇಪ್ಪತ್ತಾರು ವರ್ಷದಿಂದ ಜೋಪಾನಪ್ಪನವರು ಹೆದರಿಕೊಂಡು ಬಂದದ್ದು ಇದೊಂದೇ ಪ್ರಶ್ನೆಗೆ. ಅವರು ಮಾವನ ಕಡೆ ನೋಡಿದರು. "ಆಗಬಹುದು ಮೇಡಂ" ಎಂದರು. "ಕಿಟಕೀಲಿ ಕೂತಿದ್ರೂ ಆಗಬಹುದು. ಅಲ್ಲಿ ಆಗೋದನ್ನ ನಾನು ಯಾವತ್ತೂ ಬರೆದಿಲ್ಲ."

ಮೇಡಂ ಗೆರೆ ಎಳೆದರು. ಮಾವ ಮತ್ತೆ ಚುಕ್ಕಾಣಿ ಹಿಡಿದರು. ಜನ ತಮ್ಮ ತಮ್ಮ ದೋಣಿಯ ಹಗ್ಗ ಬಿಚ್ಚತೊಡಗಿದರು. ಬೇಕರಿಯವನು ಎಡ ಯಾವುದೆಂದು ಹೆಂಡತಿಯನ್ನು ಕೇಳುತ್ತಿದ್ದ.

ಜೋಪಾನಪ್ಪನವರು ಎರಡನೆಯ ಜಾಕೆಟ್ ಹಾಕಿಕೊಳ್ಳುತ್ತಿರುವಾಗ ಮೇಡಂ ಪಕ್ಕಕ್ಕೆ ಬಂದು, ಕಪ್ಪು ಕನ್ನಡಕ ತೆಗೆದರು. ಬಿಸಿಲಿಗೆ ಅವರ ಕಣ್ಣು ಕಿರಿದಾದವು.

"ಸರ್, ನನಗೆ ಹನ್ನೊಂದು ವರ್ಷದಿಂದ ತಲೆನೋವು. ವಾರದಲ್ಲಿ ನಾಲ್ಕು ದಿನ. ಪರದೆ ಎಳ್ಕೊಂಡು ಕೂರ್ತೀನಿ." ಅವರು ಕೈಚೀಲದಿಂದ ಒಂದು ಡಬ್ಬಿ ತೆಗೆದರು. ಜೋಪಾನಪ್ಪನವರಿಗೆ ಅದರ ಬಣ್ಣ ದೂರದಿಂದಲೇ ಗುರುತಾಯಿತು. "ಡಾಕ್ಟರು ಬರೆದುಕೊಡ್ತಾರೆ. ನಾನು ತರ್ತೀನಿ. ಕಾಗದ ಓದ್ತೀನಿ. ಎತ್ತಿಡ್ತೀನಿ."

"ಒಂದೂ ತಗೊಂಡಿಲ್ಲವಾ?"

"ಒಂದೂ ಇಲ್ಲ. ಅಷ್ಟೆಲ್ಲ ಬರೆದಿದ್ದೀರಲ್ಲ."

ಆ ಕಾಗದ ಜೋಪಾನಪ್ಪನವರಿಗೆ ಬಾಯಿಪಾಠ. ನಲವತ್ತಮೂರು ಸಾಲು, ಎರಡೂ ಬದಿ. ಅಪರೂಪದವು ಹದಿನೆಂಟು, ಅತಿ ಅಪರೂಪದವು ಒಂಬತ್ತು. ಅವರ ಓದುಗಿ ಹನ್ನೊಂದು ವರ್ಷ ಕತ್ತಲಲ್ಲಿ ಕೂತದ್ದು ಅದಕ್ಕಾಗಿ. ಜೋಪಾನಪ್ಪನವರಿಗೆ ಅಳು ಬಂದಂತಾಯಿತು. ಕೈಯನ್ನು ದೋಣಿಯೊಳಕ್ಕೆ ಚಾಚಿ, ಮಾವನ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ಮೇಡಂ ಕೈಗೆ ಕೊಟ್ಟರು.

ಮೇಡಂ ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಇದನ್ನ ತಗೊಂಡ್ರೆ ಏನಾಗುತ್ತೆ ಸರ್?"

ನಲವತ್ತಮೂರು ಸಾಲೂ ಒಟ್ಟಿಗೆ ನಾಲಿಗೆಯ ತುದಿಗೆ ಬಂದು ನಿಂತವು. ಜೋಪಾನಪ್ಪನವರು ಕಷ್ಟಪಟ್ಟು ಅಷ್ಟನ್ನೂ ನುಂಗಿಕೊಂಡರು.

"ತಲೆನೋವು ಹೋಗುತ್ತೆ ಮೇಡಂ" ಎಂದರು.